ಕಣ್ಣು ಕಂಡದ್ದನ್ನು ದೇಹ ನಂಬಿದಾಗ

ಅಂಗಳದಲ್ಲಿ ಒಂದು ಹಲಗೆ ಹಾಸಿ ಅದರ ಮೇಲೆ ನಡೆ ಎಂದರೆ ಐದು ವರ್ಷದ ಮಗುವೂ ನಗುತ್ತಾ ನಡೆದು ಹೋಗುತ್ತದೆ. ಅದೇ ಹಲಗೆಯನ್ನು ಎರಡು ಮಹಡಿ ಮನೆಗಳ ತಾರಸಿಯ ನಡುವೆ ಇಟ್ಟರೆ ಎಂಥ ಗಟ್ಟಿ ಗುಂಡಿಗೆಯವರ ಕಾಲೂ ನಡುಗುತ್ತದೆ. ಅಲ್ಲಿ ಬಿದ್ದರೆ ಪ್ರಾಣಕ್ಕೇ ಅಪಾಯ, ಆದ್ದರಿಂದ ಆ ನಡುಕಕ್ಕೆ ಅರ್ಥವಿದೆ. ಆದರೆ ಹಲಗೆ ನೆಲದ ಮೇಲೆಯೇ ಇದ್ದು, ಆಳ ಮಾತ್ರ ಕಣ್ಣಿಗೆ ಕಾಣುವಂತೆ ಮಾಡಿದರೆ? ಅದು ಸುಳ್ಳು ಆಳ ಎಂದು ನಿಮಗೆ ಮೊದಲೇ ತಿಳಿಸಿದ್ದರೆ? ಆಗಲೂ ಕಾಲು ನಡುಗುತ್ತದೆಯೇ?

ನಡುಗುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ. ಅಮೇರಿಕದ ಚಾಪೆಲ್ ಹಿಲ್‌ನಲ್ಲಿರುವ ನಾರ್ತ್ ಕೆರೋಲಿನಾ ವಿಶ್ವವಿದ್ಯಾನಿಲಯದ ಸಂಶೋಧಕರು ಇದನ್ನು ಅಳೆದು ನೋಡಿ 2002ರಲ್ಲಿ ಪ್ರಕಟಿಸಿದರು. ಭಾಗವಹಿಸಿದವರ ಕಣ್ಣಿಗೆ ವರ್ಚುವಲ್ ರಿಯಾಲಿಟಿಯ ಹೆಡ್‌ಸೆಟ್ ತೊಡಿಸಲಾಯಿತು. ಅದರಲ್ಲಿ ಮೊದಲು ಕಾಣುವುದು ಒಂದು ಸಾಧಾರಣ ಕೋಣೆ. ಬಾಗಿಲು ದಾಟಿದರೆ ಎರಡನೆಯ ಕೋಣೆ. ಅದರ ನಡುವೆ ನೆಲವೇ ಇಲ್ಲ. ಗೋಡೆಯ ಬದಿಗೆ ಒಂದು ಕಿರಿದಾದ ಅಂಚು, ಕೆಳಗೆ ಸುಮಾರು 20 ಅಡಿ ಆಳ. ಆ ಅಂಚಿನ ಮೇಲೆ ನಿಂತವರ ಹೃದಯ ಬಡಿತ ಏರಿತು, ಚರ್ಮ ಬೆವರಿತು. ಸಂಶೋಧಕರು ನಂತರ ಒಂದು ಸಣ್ಣ ಉಪಾಯ ಮಾಡಿದರು. ನಿಜವಾದ ನೆಲದ ಮೇಲೆ ಕೇವಲ ಒಂದೂವರೆ ಇಂಚು ಎತ್ತರದ ಮರದ ಹಲಗೆ ಇಟ್ಟರು. ಕಾಲ್ಬೆರಳಿಗೆ ಅಂಚಿನ ಸ್ಪರ್ಶ ಸಿಕ್ಕಿದ್ದೇ ತಡ, ಹೃದಯ ಬಡಿತ ಇನ್ನಷ್ಟು ಹೆಚ್ಚಿತು. ಅದೇ ಜಾಗಕ್ಕೆ ಮತ್ತೆ ಮತ್ತೆ ಹೋದಾಗ ಭಯ ಕಡಿಮೆಯಾಯಿತೇ ಹೊರತು ಪೂರ್ತಿ ಮಾಯವಾಗಲಿಲ್ಲ.

ಹೀಗೇಕೆ ಆಗುತ್ತದೆ? ಹೀಗಾಗುವುದರಿಂದ ನಮಗೆ ಹಾನಿಯೇ, ಲಾಭವೇ? ಮಾಲ್‌ಗಳ ಆಟದ ಕೇಂದ್ರಗಳಿಗೂ ಮನೆಗಳಿಗೂ ಈ ಸಾಧನ ಬಂದಿರುವಾಗ, ಮಕ್ಕಳು ಅದನ್ನು ಕಣ್ಣಿಗೇರಿಸಿಕೊಳ್ಳುತ್ತಿರುವಾಗ, ತಾಯಂದಿರು ಇದನ್ನು ತಿಳಿದಿರುವುದು ಒಳ್ಳೆಯದು.

ಕಣ್ಣ ಮುಂದೆ ಇನ್ನೊಂದು ಲೋಕ

ವರ್ಚುವಲ್ ರಿಯಾಲಿಟಿ, ಚುಟುಕಾಗಿ ವಿ.ಆರ್., ಎಂದರೆ ಕಂಪ್ಯೂಟರ್ ಸೃಷ್ಟಿಸಿದ ಕೃತಕ ಲೋಕ. ಟಿ.ವಿ.ಯನ್ನು ನಾವು ಹೊರಗೆ ಕುಳಿತು ನೋಡುತ್ತೇವೆ. ಪಕ್ಕಕ್ಕೆ ತಿರುಗಿದರೆ ಮನೆಯ ಗೋಡೆ ಕಾಣುತ್ತದೆ, ಅಡುಗೆ ಮನೆಯಿಂದ ಒಗ್ಗರಣೆಯ ವಾಸನೆ ಬರುತ್ತದೆ. ಹೆಡ್‌ಸೆಟ್ ತೊಟ್ಟಾಗ ಹಾಗಲ್ಲ. ಎರಡು ಕಣ್ಣಿಗೂ ತುಸು ಬೇರೆ ಬೇರೆ ಚಿತ್ರ ಸಿಗುವುದರಿಂದ ಆಳ ಕಾಣುತ್ತದೆ. ತಲೆ ಎಡಕ್ಕೆ ತಿರುಗಿದರೆ ಆ ಲೋಕದ ಎಡಭಾಗ, ಮೇಲೆ ನೋಡಿದರೆ ಅಲ್ಲಿಯ ಆಕಾಶ. ತಲೆಯ ಚಲನೆಗೆ ತಕ್ಕಂತೆ ಚಿತ್ರವೂ ಕಣ್ಣೆವೆ ಮುಚ್ಚುವುದಕ್ಕಿಂತ ಬೇಗ ಬದಲಾಗುತ್ತದೆ.

ಇದು ಹೊಸ ಆವಿಷ್ಕಾರವೇನೂ ಅಲ್ಲ. ಅಮೇರಿಕದ ಕಂಪ್ಯೂಟರ್ ವಿಜ್ಞಾನಿ ಐವನ್ ಸದರ್ಲೆಂಡ್ 1968ರಲ್ಲೇ ಇಂಥ ಒಂದು ಸಾಧನವನ್ನು ತೋರಿಸಿದ್ದರು. ಅದು ಎಷ್ಟು ಭಾರವಾಗಿತ್ತೆಂದರೆ ಅದನ್ನು ಮಾಡಿನಿಂದ ತೂಗು ಹಾಕಬೇಕಿತ್ತು. 2016ರಲ್ಲಿ ಆಕ್ಯುಲಸ್ ರಿಫ್ಟ್, ಎಚ್‌.ಟಿ.ಸಿ. ವೈವ್ ಮುಂತಾದ ಹೆಡ್‌ಸೆಟ್‌ಗಳು ಮಾರುಕಟ್ಟೆಗೆ ಬಂದ ಮೇಲೆ ಅದು ಪ್ರಯೋಗಾಲಯ ಬಿಟ್ಟು ಜನರ ಕೈಗೆ ಬಂತು.

ಬುದ್ಧಿಗೆ ಗೊತ್ತು, ದೇಹಕ್ಕೆ ಗೊತ್ತಿಲ್ಲ

ನಾವು ಎಲ್ಲಿದ್ದೇವೆ, ನೇರ ನಿಂತಿದ್ದೇವೆಯೇ, ಚಲಿಸುತ್ತಿದ್ದೇವೆಯೇ ಎಂಬುದನ್ನು ಮೆದುಳು ತಾನಾಗಿಯೇ ಕಂಡುಕೊಳ್ಳುವುದಿಲ್ಲ. ಕಣ್ಣು, ಕಿವಿ, ಚರ್ಮ, ಸ್ನಾಯುಗಳು ತಂದುಕೊಡುವ ಸುದ್ದಿಯನ್ನು ಜೋಡಿಸಿ ಅದು ನಿರ್ಧರಿಸುತ್ತದೆ. ಆ ಸುದ್ದಿಗಳು ಒಂದಕ್ಕೊಂದು ಹೊಂದಿದರೆ ಸಾಕು, ಅದು ನಂಬಿಬಿಡುತ್ತದೆ.

ಇದಕ್ಕೆ 1998ರಲ್ಲಿ ಬೊಟ್ವಿನಿಕ್ ಮತ್ತು ಕೊಹೆನ್ ಎಂಬ ಸಂಶೋಧಕರು ಒಂದು ಸರಳ ಉದಾಹರಣೆ ಕೊಟ್ಟರು. ಒಬ್ಬರ ಕೈಯನ್ನು ಮರೆಯಲ್ಲಿಟ್ಟು, ಎದುರಿಗೆ ಒಂದು ರಬ್ಬರ್ ಕೈಯನ್ನು ಇಡುವುದು. ನಂತರ ಎರಡನ್ನೂ ಒಂದೇ ಸಮನೆ ಕುಂಚದಿಂದ ಸವರುವುದು. ಸ್ವಲ್ಪ ಹೊತ್ತಿನಲ್ಲಿ, ಎದುರಿಗಿರುವ ಆ ರಬ್ಬರ್ ಕೈಯೇ ತನ್ನದು ಎಂಬ ಭಾವನೆ ಆ ವ್ಯಕ್ತಿಗೆ ಬರತೊಡಗಿತು. ಕಂಡದ್ದು ಮತ್ತು ಮುಟ್ಟಿದ್ದು ಹೊಂದಿಕೆಯಾದಾಗ ದೇಹದ ಎಲ್ಲೆಯನ್ನೇ ಮೆದುಳು ಬದಲಿಸಿ ಬರೆಯಿತು. ಚಾಪೆಲ್ ಹಿಲ್‌ನಲ್ಲಿ ಒಂದೂವರೆ ಇಂಚಿನ ಹಲಗೆ ಮಾಡಿದ ಕೆಲಸವೂ ಇದೇ.

ಅಪಾಯ ಕಂಡಾಗ ಹಿಂಜರಿಯುವುದು, ಬೆವರುವುದು, ಎದೆ ಬಡಿತ ಏರುವುದು ಇವೆಲ್ಲಾ ನಾವು ಯೋಚಿಸಿ ಮಾಡುವ ಕೆಲಸಗಳಲ್ಲ. ಹಿತ್ತಿಲಲ್ಲಿ ಹಗ್ಗವನ್ನು ಹಾವೆಂದು ಕಂಡಾಗ ಮೊದಲು ಹಾರುತ್ತೇವೆ, ಆಮೇಲೆ ಅದು ಹಗ್ಗ ಎಂದು ನಗುತ್ತೇವೆ. ಪ್ರಾಣ ಉಳಿಸುವ ಕೆಲಸದಲ್ಲಿ ದೇಹ ಬುದ್ಧಿಯ ಅಪ್ಪಣೆಗೆ ಕಾಯುವುದಿಲ್ಲ. ಆದ್ದರಿಂದ ಹೆಡ್‌ಸೆಟ್ ತೊಟ್ಟು ಕಿರುಚಿಕೊಂಡವರನ್ನು ನೋಡಿ ಪುಕ್ಕಲು ಎಂದು ನಗುವುದು ಸರಿಯಲ್ಲ. ಅವರ ದೇಹ ತನ್ನ ಕರ್ತವ್ಯವನ್ನು ಮಾಡಿದೆ ಅಷ್ಟೇ.

ಘಾಟಿಯ ಬಸ್ಸಿನ ಸಂಕಟ

ಭಯಕ್ಕಿಂತಲೂ ಹೆಚ್ಚು ಜನರನ್ನು ಕಾಡುವುದು ಹೊಟ್ಟೆ ತೊಳಸುವಿಕೆ. ಕೆಲವರಿಗೆ ಹೆಡ್‌ಸೆಟ್ ತೊಟ್ಟ ಕೆಲವೇ ನಿಮಿಷಗಳಲ್ಲಿ ತಲೆ ಸುತ್ತಿ, ತಣ್ಣಗೆ ಬೆವರು ಕಿತ್ತು, ವಾಂತಿ ಬಂದಂತಾಗುತ್ತದೆ. ಚಾರ್ಮಾಡಿ ಅಥವಾ ಆಗುಂಬೆ ಘಾಟಿಯಲ್ಲಿ ಬಸ್ಸು ಹತ್ತಿದವರಿಗೆ ಈ ಸಂಕಟದ ಪರಿಚಯ ಇದ್ದೇ ಇದೆ. ಸೆರಗಿನಲ್ಲಿ ಲಿಂಬೆಹಣ್ಣು ಕಟ್ಟಿಕೊಂಡು, ಕಿಟಕಿಯ ಪಕ್ಕದ ಸೀಟು ಬೇಡುವ ಹೆಂಗಸರನ್ನು ಯಾರು ನೋಡಿಲ್ಲ? ಎರಡು ಸಂಕಟಗಳ ಮೂಲವೂ ಒಂದೇ, ದಿಕ್ಕು ಮಾತ್ರ ತಿರುವು ಮುರುವು.

ನಮ್ಮ ಒಳಗಿವಿಯಲ್ಲಿ ದ್ರವ ತುಂಬಿದ ಮೂರು ಬಾಗಿದ ನಾಳಗಳಿವೆ. ತಲೆ ಯಾವ ಕಡೆ ತಿರುಗಿತು ಎಂದು ಅವು ಮೆದುಳಿಗೆ ತಿಳಿಸುತ್ತವೆ. ಪಕ್ಕದಲ್ಲೇ ಇರುವ ಸೂಕ್ಷ್ಮ ಹರಳುಗಳು ನಾವು ಮುಂದೆ ಸಾಗಿದೆವೇ, ಮೇಲೇರಿದೆವೇ ಎಂಬುದನ್ನು ಹೇಳುತ್ತವೆ. ಬಸ್ಸಿನಲ್ಲಿ ಎದುರಿನ ಸೀಟನ್ನೇ ನೋಡುತ್ತಾ ಕುಳಿತಾಗ ಕಿವಿ ‘ತಿರುಗುತ್ತಿದ್ದೇವೆ’ ಎನ್ನುತ್ತದೆ, ಕಣ್ಣು ‘ಇಲ್ಲ, ಎಲ್ಲವೂ ನಿಂತಲ್ಲೇ ಇದೆ’ ಎನ್ನುತ್ತದೆ. ವಿ.ಆರ್.ನಲ್ಲಿ ರೋಲರ್ ಕೋಸ್ಟರ್ ಏರಿದಾಗ ಕಣ್ಣು ‘ಬೀಳುತ್ತಿದ್ದೇವೆ’ ಎನ್ನುತ್ತದೆ, ಕಿವಿ ‘ಕುರ್ಚಿಯಲ್ಲಿ ಕುಳಿತಿದ್ದೇವೆ’ ಎನ್ನುತ್ತದೆ. ಈ ಜಗಳದ ಫಲವೇ ಸಂಕಟ.

ಆದರೆ ಕಣ್ಣು-ಕಿವಿಯ ಜಗಳಕ್ಕೆ ಹೊಟ್ಟೆ ಯಾಕೆ ಶಿಕ್ಷೆ ಅನುಭವಿಸಬೇಕು? ಇದಕ್ಕೆ ಮಿಶೆಲ್ ಟ್ರೈಸ್‌ಮನ್ ಎಂಬ ಮನಶ್ಶಾಸ್ತ್ರಜ್ಞ 1977ರಲ್ಲಿ ಒಂದು ಕುತೂಹಲಕರ ಊಹೆಯನ್ನು ಮುಂದಿಟ್ಟರು. ಹಿಂದಿನ ಕಾಲದಲ್ಲಿ ಕಣ್ಣು ಮತ್ತು ಸಮತೋಲನದ ಸುದ್ದಿ ಹೊಂದದೇ ಹೋಗುತ್ತಿದ್ದುದು ಹೆಚ್ಚಾಗಿ ವಿಷಪದಾರ್ಥ ತಿಂದಾಗ. ಆದ್ದರಿಂದ ಇಂಥ ಗೊಂದಲ ಕಂಡ ಕೂಡಲೇ ಮೆದುಳು ‘ವಿಷ ಸೇರಿದೆ, ಹೊರಗೆ ಹಾಕು’ ಎಂದು ಹೊಟ್ಟೆಗೆ ಆಜ್ಞೆ ಮಾಡುತ್ತದೆ ಎಂಬುದು ಅವರ ವಾದ.

ಹೆಂಗಸರಿಗೇ ಹೆಚ್ಚು ಯಾಕೆ?

ವಿ.ಆರ್.ನಿಂದ ತಲೆ ಸುತ್ತುವುದು ಹೆಂಗಸರಿಗೆ ಹೆಚ್ಚು ಎಂಬ ಮಾತು ಬಹುಕಾಲದಿಂದ ಇತ್ತು. ‘ಹೆಂಗಸರ ದೇಹವೇ ಹಾಗೆ, ಸೂಕ್ಷ್ಮ’ ಎಂದು ಅದಕ್ಕೆ ಷರಾ ಬರೆದವರೂ ಇದ್ದರು. ಅಮೇರಿಕದಲ್ಲಿ ಕೇ ಸ್ಟ್ಯಾನಿ ಮತ್ತು ಅವರ ಸಂಗಡಿಗರು 2020ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯೇ ಕಾರಣವನ್ನು ತೋರಿಸಿತು. ತಪ್ಪು ಹೆಚ್ಚಾಗಿ ಇದ್ದುದು ಹೆಡ್‌ಸೆಟ್‌ನ ಅಳತೆಯಲ್ಲಿ!

ಎರಡು ಕಣ್ಣುಗಳ ಪಾಪೆಗಳ ನಡುವಿನ ಅಂತರ ಎಲ್ಲರಿಗೂ ಒಂದೇ ಆಗಿರುವುದಿಲ್ಲ. ಹೆಂಗಸರಲ್ಲಿ ಅದು ಸರಾಸರಿಯಾಗಿ ಗಂಡಸರಿಗಿಂತ ಸುಮಾರು 2 ಮಿಲಿಮೀಟರ್ ಕಡಿಮೆ. ಹೆಡ್‌ಸೆಟ್‌ನ ಎರಡು ಮಸೂರಗಳು ಈ ಅಂತರಕ್ಕೆ ಹೊಂದದಿದ್ದರೆ ಚಿತ್ರ ಮಸುಕಾಗಿ ಕಣ್ಣು ದಣಿಯುತ್ತದೆ. ಅಧ್ಯಯನದಲ್ಲಿ ಅತಿ ಹೆಚ್ಚು ಸಂಕಟಪಟ್ಟವರು ಈ ಅಂತರ ಹೊಂದದೇ ಇದ್ದ, ಜೊತೆಗೆ ಮೊದಲಿನಿಂದಲೂ ಪ್ರಯಾಣದಲ್ಲಿ ವಾಂತಿಯಾಗುವ ಹೆಂಗಸರು. ಹೆಡ್‌ಸೆಟ್ ತೆಗೆದು ಒಂದು ಗಂಟೆ ಕಳೆದರೂ ಅವರು ಪೂರ್ತಿ ಚೇತರಿಸಿಕೊಂಡಿರಲಿಲ್ಲ. ಅಂತರ ಸರಿಯಾಗಿ ಹೊಂದಿದ ಹೆಂಗಸರ ಅನುಭವ ಗಂಡಸರಂತೆಯೇ ಇತ್ತು.

ಗಂಡಸರ ಕಾಲಿನ ಅಳತೆಗೆ ಚಪ್ಪಲಿ ಹೊಲಿದು, ಅದು ಕಚ್ಚಿದಾಗ ಹೆಂಗಸರ ಕಾಲೇ ನಾಜೂಕು ಎಂದಂತಾಯಿತು ಇದು. ಕನ್ನಡಕದ ಅಂಗಡಿಯಲ್ಲಿ ‘ಪಿ.ಡಿ.’ ಎಂದು ಅಳೆಯುವುದು ಇದೇ ಅಂತರವನ್ನು. ಕನ್ನಡಕ ಮಾಡಿಸುವಾಗ ಅದನ್ನು ಕೇಳಿ ಬರೆದಿಟ್ಟುಕೊಂಡರೆ ಹೆಡ್‌ಸೆಟ್ ಕೊಳ್ಳುವಾಗಲೂ ತೊಡುವಾಗಲೂ ಉಪಯೋಗಕ್ಕೆ ಬರುತ್ತದೆ.

ಸುಟ್ಟ ಗಾಯಕ್ಕೆ ಹಿಮದ ಲೋಕ

ದೇಹ ಇಷ್ಟು ಸುಲಭವಾಗಿ ನಂಬುತ್ತದೆ ಎಂದಾದರೆ ಆ ನಂಬಿಕೆಯನ್ನು ಒಳ್ಳೆಯದಕ್ಕೂ ಬಳಸಬಹುದಲ್ಲವೇ? ಹೀಗೆ ಯೋಚಿಸಿದವರು ಅಮೇರಿಕದ ಸಿಯಾಟಲ್ ನಗರದ ಹಂಟರ್ ಹಾಫ್‌ಮನ್ ಮತ್ತು ಡೇವಿಡ್ ಪ್ಯಾಟರ್ಸನ್ ಎಂಬ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞರು.

ಸುಟ್ಟಗಾಯದ ನೋವು ಬೆಂಕಿ ಆರಿದ ಮೇಲೆ ಮುಗಿಯುವುದಿಲ್ಲ. ಪ್ರತಿದಿನ ಪಟ್ಟಿ ಬಿಚ್ಚಿ, ಗಾಯ ತೊಳೆದು, ಸತ್ತ ಚರ್ಮವನ್ನು ತೆಗೆಯಬೇಕು. ಚರ್ಮ ಸೆಟೆದುಕೊಳ್ಳದಂತೆ ಕೈಕಾಲುಗಳನ್ನು ಬಲವಂತವಾಗಿ ಚಾಚಿಸಬೇಕು. ಬಲವಾದ ನೋವು ನಿವಾರಕಗಳನ್ನು ಕೊಟ್ಟರೂ ಆ ಹೊತ್ತಿನಲ್ಲಿ ಅವು ಸಾಲುವುದಿಲ್ಲ. ಸೀಮೆಎಣ್ಣೆ ಸ್ಟೌವ್, ಗ್ಯಾಸ್, ಕುದಿಯುವ ಎಣ್ಣೆಯ ನಡುವೆ ದಿನ ಕಳೆಯುವ ನಮ್ಮ ದೇಶದ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಿಯಾಟಲ್‌ನ ಹಾರ್ಬರ್‌ವ್ಯೂ ಸುಟ್ಟಗಾಯ ಚಿಕಿತ್ಸಾ ಕೇಂದ್ರದ ರೋಗಿಗಳಿಗಾಗಿ ಅವರು ‘ಸ್ನೋವರ್ಲ್ಡ್’ ಎಂಬ ಹಿಮದ ಲೋಕವನ್ನು ಕಟ್ಟಿದರು. ದಾದಿ ಗಾಯ ತೊಳೆಯುತ್ತಿರುವಾಗ ರೋಗಿ ಹಿಮದ ಕಣಿವೆಯೊಂದರಲ್ಲಿ ತೇಲುತ್ತಾ ಹಿಮಮಾನವರ ಮೇಲೂ ಪೆಂಗ್ವಿನ್‌ಗಳ ಮೇಲೂ ಹಿಮದ ಉಂಡೆ ಎಸೆಯುತ್ತಾನೆ. ಬೆಂಕಿಗೆ ತದ್ವಿರುದ್ಧವಾದುದು ಹಿಮ ಎಂಬ ಕಾರಣಕ್ಕೇ ಆ ಲೋಕವನ್ನು ಆರಿಸಿದ್ದು. ಅದಕ್ಕೂ ಮುನ್ನ, ಸುಟ್ಟಗಾಯಗಳಿದ್ದ ಇಬ್ಬರು ಹದಿಹರೆಯದ ಬಾಲಕರ ಮೇಲೆ ನಡೆಸಿದ ಮೊದಲ ಪ್ರಯೋಗದ ವರದಿ 2000ದಲ್ಲಿ ಪ್ರಕಟವಾಗಿತ್ತು. ಮಾಮೂಲು ವೀಡಿಯೋ ಗೇಮ್ ಆಡಿದಾಗ ಇದ್ದುದಕ್ಕಿಂತ ವಿ.ಆರ್.ನಲ್ಲಿದ್ದಾಗ ಅವರ ನೋವು ಬಹಳ ಕಡಿಮೆಯಾಗಿತ್ತು.

ನೋವಿಲ್ಲ ಎಂದು ಬಾಯಲ್ಲಿ ಹೇಳುವುದು ಬೇರೆ, ನಿಜಕ್ಕೂ ನೋವು ತಗ್ಗುವುದು ಬೇರೆ ಎಂದು ಸಂಶಯಪಡುವವರಿಗೂ ಉತ್ತರ ಸಿಕ್ಕಿತು. ಆರೋಗ್ಯವಂತ ಸ್ವಯಂಸೇವಕರ ಪಾದಕ್ಕೆ ಶಾಖದಿಂದ ನೋವುಂಟು ಮಾಡಿ ಮೆದುಳಿನ ಸ್ಕ್ಯಾನ್ ತೆಗೆದಾಗ, ಸ್ನೋವರ್ಲ್ಡ್‌ನಲ್ಲಿರುವ ಹೊತ್ತಿನಲ್ಲಿ ನೋವಿಗೆ ಸಂಬಂಧಪಟ್ಟ ಐದು ಭಾಗಗಳಲ್ಲೂ ಚಟುವಟಿಕೆ ಇಳಿದದ್ದು ಕಂಡಿತು. ಈ ಫಲಿತಾಂಶ ಪ್ರಕಟವಾದದ್ದು 2004ರಲ್ಲಿ.

ಇದರ ಗುಟ್ಟು ತಾಯಂದಿರಿಗೆ ಹಳೆಯದೇ. ಮಗುವಿಗೆ ಚುಚ್ಚುಮದ್ದು ಕೊಡುವಾಗ ‘ಅಗೋ, ಕಾಗೆ ನೋಡು’ ಎಂದು ಕಿಟಕಿಯತ್ತ ಬೆರಳು ತೋರಿಸುತ್ತೇವಲ್ಲ? ನೋವನ್ನು ಅನುಭವಿಸಲೂ ಗಮನ ಬೇಕು. ನಮ್ಮ ಗಮನಕ್ಕೆ ಮಿತಿಯಿದೆ. ಅದರ ಬಹುಪಾಲು ಹಿಮದ ಕಣಿವೆಗೆ ಹೋದರೆ ಗಾಯಕ್ಕೆ ಉಳಿಯುವುದು ಸ್ವಲ್ಪವೇ. ನೋವು ನಿವಾರಕಗಳ ಬದಲಿಗೆ ಇದನ್ನು ಕೊಟ್ಟದ್ದಲ್ಲ, ಅವುಗಳ ಜೊತೆಗೆ ಕೊಟ್ಟದ್ದು ಎಂಬುದನ್ನು ಮರೆಯಬಾರದು. 2021ರ ನವೆಂಬರ್‌ನಲ್ಲಿ ಅಮೇರಿಕದ ಆಹಾರ ಮತ್ತು ಔಷಧ ಆಡಳಿತವು ಬಹುಕಾಲದ ಸೊಂಟನೋವಿನ ಚಿಕಿತ್ಸೆಗೆ ಒಂದು ವಿ.ಆರ್. ಸಾಧನಕ್ಕೆ ಅನುಮತಿಯನ್ನೂ ನೀಡಿತು. ಅದು ವಯಸ್ಕರಿಗೆ ಮಾತ್ರ.

ಭಯದಿಂದಲೇ ಭಯಕ್ಕೆ ಮದ್ದು

ಎತ್ತರ ಕಂಡರೆ ಕಾಲು ಸೋಲುವವರು ನಮ್ಮ ನಡುವೆ ಹಲವರಿದ್ದಾರೆ. ತಾರಸಿಗೆ ಬಟ್ಟೆ ಒಣಗಿಸಲು ಹೋಗದವರು, ಐದನೇ ಮಾಳಿಗೆಯಲ್ಲಿರುವ ಮಗಳ ಮನೆಗೆ ಹೋದರೂ ಬಾಲ್ಕನಿಗೆ ಕಾಲಿಡದವರು. ಬಾರ್ಬರಾ ರಾಥ್‌ಬಾಮ್ ಮತ್ತು ಲ್ಯಾರಿ ಹಾಜಸ್ ಎಂಬ ಸಂಶೋಧಕರು ಅಮೇರಿಕದ ಅಟ್ಲಾಂಟಾದಲ್ಲಿ ಇಂಥ ಭಯವಿದ್ದ ಕಾಲೇಜು ವಿದ್ಯಾರ್ಥಿಗಳಿಗೆ ವಿ.ಆರ್. ಮೂಲಕ ಚಿಕಿತ್ಸೆ ನೀಡಿದರು. ನೀರಿನ ಮೇಲಿನ ಕಾಲುಸೇತುವೆ, ಬಾಲ್ಕನಿ, ಮೇಲೇರುವ ಗಾಜಿನ ಲಿಫ್ಟ್ ಎಲ್ಲವೂ ಕೃತಕ. ಆದರೆ ಅವರಿಗೆ ಬಂದ ಬೆವರು, ನಡುಕ, ಎದೆಬಡಿತ ನಿಜವಾಗಿದ್ದವು. ಆ ನಿಜವಾದ ಭಯವನ್ನೇ ಅವರು ವಾರ ವಾರವೂ ಸ್ವಲ್ಪ ಸ್ವಲ್ಪವಾಗಿ ಎದುರಿಸಿ ಸೋಲಿಸಿದರು. 1995ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಚಿಕಿತ್ಸೆ ಪೂರ್ತಿಗೊಳಿಸಿದ 10 ಮಂದಿಯಲ್ಲಿ 7 ಮಂದಿ ಯಾರೂ ಹೇಳದೆಯೇ ಹೊರಗೆ ಹೋಗಿ ನಿಜವಾದ ಎತ್ತರಗಳನ್ನು ಏರಿ ನೋಡಿದರು.

2018ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ಡೇನಿಯಲ್ ಫ್ರೀಮನ್ ಮತ್ತು ತಂಡದವರು 100 ಮಂದಿಯನ್ನು ಒಳಗೊಂಡ ಅಧ್ಯಯನವನ್ನು ಪ್ರಕಟಿಸಿದರು. ಅವರ ಪೈಕಿ ವಿ.ಆರ್. ಚಿಕಿತ್ಸೆ ಪಡೆದವರಲ್ಲಿ ಎತ್ತರದ ಭಯ ಸರಾಸರಿ 68 ಶೇಕಡಾ ಇಳಿಯಿತು. ದೇಹವನ್ನು ಉಪದೇಶದಿಂದ ಒಪ್ಪಿಸುವುದು ಕಷ್ಟ. ಅನುಭವದಿಂದ ಅದು ಬೇಗ ಕಲಿಯುತ್ತದೆ.

ಕಣ್ಣೀರು ನಿಜ, ಆದರೆ...

2020ರ ಫೆಬ್ರವರಿಯಲ್ಲಿ ದಕ್ಷಿಣ ಕೊರಿಯಾದ ಎಂ.ಬಿ.ಸಿ. ವಾಹಿನಿ ಒಂದು ಸಾಕ್ಷ್ಯಚಿತ್ರವನ್ನು ಪ್ರಸಾರ ಮಾಡಿತು. 2016ರಲ್ಲಿ ಏಳು ವರ್ಷದ ಮಗಳನ್ನು ಕಾಯಿಲೆಯಿಂದ ಕಳೆದುಕೊಂಡ ತಾಯಿಯೊಬ್ಬರು ಅದರಲ್ಲಿದ್ದರು. ಹಳೆಯ ಫೋಟೋ, ವೀಡಿಯೋಗಳಿಂದ ಆ ಮಗುವಿನ ರೂಪವನ್ನು ವಿ.ಆರ್.ನಲ್ಲಿ ಸೃಷ್ಟಿಸಲಾಗಿತ್ತು. ಬರಿದಾದ ಸ್ಟುಡಿಯೋದಲ್ಲಿ ಹೆಡ್‌ಸೆಟ್ ಮತ್ತು ಸ್ಪರ್ಶದ ಅನುಭವ ಕೊಡುವ ಕೈಗವಸು ತೊಟ್ಟು ನಿಂತ ತಾಯಿಯ ಎದುರಿಗೆ ಮಗಳು ಓಡಿ ಬಂದಳು. ತಾಯಿಯ ಕೈಗಳು ನಡುಗಿದವು. ಗಾಳಿಯಲ್ಲಿ ಆ ಪುಟ್ಟ ಮುಖವನ್ನು ಸವರಲು ತಡಕಾಡಿದವು. ನೋಡುತ್ತಿದ್ದ ಮನೆಮಂದಿಯೂ ಅತ್ತರು.

ಇದು ಸರಿಯೇ ಎಂಬ ಚರ್ಚೆ ಲೋಕದಾದ್ಯಂತ ನಡೆಯಿತು. ಸರಿಯಾಗಿ ಬೀಳ್ಕೊಡುವ ಅವಕಾಶ ಆ ತಾಯಿಗೆ ಸಿಕ್ಕಿತು ಎಂದರು ಕೆಲವರು. ಮಾಗುತ್ತಿರುವ ಗಾಯವನ್ನು ಕೆದಕಿದಂತಾಯಿತು ಎಂದರು ಇನ್ನು ಕೆಲವರು. ಮಕ್ಕಳನ್ನು ಕಳೆದುಕೊಂಡವರಿಗೆ ‘ಸಬ್ರ್’ ಎಂದು ಹೇಳುವ ನಾವು ಆ ತಾಯಿಯನ್ನು ಮಾತ್ರ ದೂರುವುದು ಬೇಡ. ಆಕೆಯ ಕೈಗಳು ಚಾಚಿದ್ದು ನಿಜವಾದ ಮಮತೆಯಿಂದ. ಆದರೆ ಆ ಕೈಗಳಿಗೆ ಸಿಕ್ಕಿದ್ದು ಬರಿಯ ಗಾಳಿ. ಇಂಥ ಭೇಟಿಯನ್ನು ಯಾರಾದರೂ ಮಾರಾಟದ ಸರಕಾಗಿಸಿ, ಪ್ರತಿದಿನ ನೋಡಬಹುದು ಎಂದರೆ, ದುಃಖ ಎಂದಾದರೂ ದಡ ಮುಟ್ಟೀತೇ ಎಂಬುದು ಯೋಚಿಸಬೇಕಾದ ವಿಚಾರ.

ಇಂಥದೇ ಇನ್ನೊಂದು ಪ್ರಶ್ನೆ ಮುಸ್ಲಿಮ್ ಲೋಕದಲ್ಲೂ ಎದ್ದಿತ್ತು. 2021ರ ಡಿಸೆಂಬರ್‌ನಲ್ಲಿ ಸೌದಿ ಅರೇಬಿಯಾ ಹಜರುಲ್ ಅಸ್ವದ್ ಅನ್ನು ವಿ.ಆರ್. ಮೂಲಕ ಕಾಣುವ ಯೋಜನೆಯೊಂದನ್ನು ಆರಂಭಿಸಿತು. ಹೆಡ್‌ಸೆಟ್‌ನಲ್ಲಿ ಕಅಬಾ ಕಂಡಾಗ ಕಣ್ಣು ತುಂಬಿ ಬರುವುದು ಸಹಜ. ಹಾಗಾದರೆ ಅದು ಹಜ್ಜ್ ಆದೀತೇ? 2022ರ ಫೆಬ್ರವರಿಯಲ್ಲಿ ತುರ್ಕಿಯ ಧಾರ್ಮಿಕ ವ್ಯವಹಾರಗಳ ಇಲಾಖೆ ಇದಕ್ಕೆ ಉತ್ತರಿಸುತ್ತಾ, ನೋಡಲು ಅಡ್ಡಿಯಿಲ್ಲ, ಆದರೆ ಅದು ಹಜ್ಜ್ ಆಗದು, ಹಜ್ಜ್‌ಗೆ ಪಾದಗಳು ಆ ನೆಲವನ್ನು ಮುಟ್ಟಬೇಕು ಎಂದು ಸ್ಪಷ್ಟಪಡಿಸಿತು. ಭಾವನೆ ಉಕ್ಕುವುದಕ್ಕೂ ಕೆಲಸ ನೆರವೇರುವುದಕ್ಕೂ ವ್ಯತ್ಯಾಸವಿದೆ.

ಮಕ್ಕಳ ಕೈಗೆ ಕೊಡುವ ಮುನ್ನ

‘ಅದು ಬರೇ ಆಟ’ ಎಂದು ಮಕ್ಕಳು ಹೇಳುತ್ತಾರೆ. ದೇಹಕ್ಕೆ ಅದು ಬರೇ ಆಟವಲ್ಲ ಎಂಬುದಕ್ಕೆ ಇನ್ನೊಂದು ಪುರಾವೆ ಇದೆ. ಮೆಲ್ ಸ್ಲೇಟರ್ ಮತ್ತು ಸಂಗಡಿಗರು 2006ರಲ್ಲಿ ಲಂಡನ್‌ನಿಂದ ಒಂದು ಪ್ರಯೋಗವನ್ನು ವರದಿ ಮಾಡಿದರು. ವಿ.ಆರ್.ನಲ್ಲಿರುವ ಒಬ್ಬ ಹೆಂಗಸು ತಪ್ಪು ಉತ್ತರ ಕೊಟ್ಟಾಗಲೆಲ್ಲಾ ಭಾಗವಹಿಸಿದವರು ಆಕೆಗೆ ವಿದ್ಯುತ್ ಆಘಾತ ಕೊಡಬೇಕು. ಆಘಾತವೂ ಸುಳ್ಳು, ಹೆಂಗಸೂ ಸುಳ್ಳು. ಅದು ಎಲ್ಲರಿಗೂ ಗೊತ್ತು. ಆದರೂ ಆಕೆ ನೋವಿನಿಂದ ಪ್ರತಿಭಟಿಸುವುದನ್ನು ಕಣ್ಣಾರೆ ಕಂಡವರ ಮೈಯಲ್ಲಿ ಒತ್ತಡದ ಚಿಹ್ನೆಗಳು ಕಾಣಿಸಿದವು. ಕೆಲವರು ನಡುವಿನಲ್ಲೇ ಎದ್ದು ಹೋದರು. ದೊಡ್ಡವರ ಪಾಡೇ ಹೀಗಾದರೆ, ಕೊಲ್ಲುವ, ಹೆದರಿಸುವ ಆಟಗಳು ಮಕ್ಕಳ ಎಳೆಯ ಮನಸ್ಸನ್ನು ಸುಮ್ಮನೆ ಬಿಟ್ಟಾವೇ?

ತಯಾರಕರೇ ಕೊಡುವ ಸೂಚನೆಗಳಲ್ಲಿ ಮುಖ್ಯವಾದವುಗಳನ್ನೂ, ಮೇಲಿನ ಸಂಗತಿಗಳಿಂದ ನಾವು ಕಲಿಯಬಹುದಾದುದನ್ನೂ ಇಲ್ಲಿ ಕೊಡಲಾಗಿದೆ.

* ಪೆಟ್ಟಿಗೆಯ ಮೇಲಿರುವ ವಯಸ್ಸಿನ ಮಿತಿಯನ್ನು ಓದಿ. ಸೋನಿಯ ಪ್ಲೇಸ್ಟೇಷನ್ ವಿ.ಆರ್. 12 ವರ್ಷಕ್ಕಿಂತ ಚಿಕ್ಕವರಿಗೆ ಅಲ್ಲ. ಮೆಟಾ ಕಂಪೆನಿ ತನ್ನ ಕ್ವೆಸ್ಟ್ ಹೆಡ್‌ಸೆಟ್‌ಗಳಿಗೆ 13 ವರ್ಷವಿದ್ದ ಮಿತಿಯನ್ನು 2023ರಲ್ಲಿ ಹೆತ್ತವರ ಉಸ್ತುವಾರಿಯೊಂದಿಗೆ 10ಕ್ಕೆ ಇಳಿಸಿತು. ಮಿತಿ ಇಳಿದ ಮಾತ್ರಕ್ಕೆ ಕೊಡಲೇಬೇಕೆಂದಿಲ್ಲ.

* ಅರ್ಧ ಗಂಟೆಗೊಮ್ಮೆ 10ರಿಂದ 15 ನಿಮಿಷ ವಿರಾಮ ಬೇಕು. ಮೊದಲ ಸಲ ಕೆಲವೇ ನಿಮಿಷ ಸಾಕು. ಸಂಕಟ ಆರಂಭವಾದ ಕೂಡಲೇ ತೆಗೆದುಬಿಡಿ. ‘ಸ್ವಲ್ಪ ತಾಳಿಕೋ, ಅಭ್ಯಾಸವಾಗುತ್ತದೆ’ ಎಂದು ಒತ್ತಾಯಿಸಬೇಡಿ.

* ಅಪಸ್ಮಾರ, ಹೃದಯದ ತೊಂದರೆ, ತೀವ್ರ ಮಾನಸಿಕ ತೊಂದರೆ ಇರುವವರು, ಗರ್ಭಿಣಿಯರು, ವಯಸ್ಸಾದವರು ವೈದ್ಯರನ್ನು ಕೇಳದೆ ತೊಡಬಾರದು. ಹಿಂದೆ ಫಿಟ್ಸ್ ಬಾರದವರಿಗೂ ಮಿನುಗುವ ಬೆಳಕಿನಿಂದ ಅಪರೂಪಕ್ಕೆ ಬರುವುದುಂಟು.

* ಕುಳಿತು ನೋಡುವುದು ಸುರಕ್ಷಿತ. ನಿಂತು ಆಡುವುದಿದ್ದರೆ ಸುತ್ತಲಿನ ಟೀಪಾಯಿ, ಗಾಜಿನ ವಸ್ತು, ತೆವಳುವ ಮಗು ಎಲ್ಲವನ್ನೂ ದೂರವಿಡಿ. ಮಹಡಿಯ ಮೆಟ್ಟಿಲ ಬಳಿ, ಒಲೆಯ ಬಳಿ ಬೇಡವೇ ಬೇಡ.

* ತೆಗೆದ ತಕ್ಷಣ ಸ್ಕೂಟರ್, ಕಾರು ಓಡಿಸಬಾರದು. ಅಡುಗೆ ಮನೆಯ ಬಿಸಿ ಪಾತ್ರೆಗಳನ್ನು ಎತ್ತುವ ಮುನ್ನವೂ ತಲೆ ಹಗುರಾಗುವವರೆಗೆ ಕಾಯಿರಿ.

* ಮಗು ಏನು ನೋಡುತ್ತಿದೆ ಎಂದು ಹೊರಗಿನವರಿಗೆ ಕಾಣುವುದಿಲ್ಲ. ಆದ್ದರಿಂದ ಯಾವ ಆಟವನ್ನಾದರೂ ಮೊದಲು ಮನೆಯ ದೊಡ್ಡವರು ನೋಡಿ, ಆಮೇಲೆ ಮಕ್ಕಳಿಗೆ ಕೊಡಲಿ.

ಹೆಡ್‌ಸೆಟ್ ಕಳಚಿದ ಮಗು ‘ಉಮ್ಮಾ, ಹೆದರಿಕೆಯಾಯಿತು’ ಎಂದರೆ ‘ಸುಳ್ಳಿಗೆಲ್ಲಾ ಯಾಕೆ ಹೆದರುತ್ತೀ?’ ಎಂದು ತಳ್ಳಿಹಾಕಬೇಡಿ. ಅದು ಕಂಡದ್ದು ಸುಳ್ಳಿರಬಹುದು. ಆದರೆ ಅದರ ಎದೆಯ ಮೇಲೆ ಕೈಯಿಟ್ಟು ನೋಡಿದರೆ ಆ ಬಡಿತ ನಿಮ್ಮ ಅಂಗೈಗೇ ತಿಳಿಯುತ್ತದೆ. ಆಗ ಮಗುವಿಗೆ ಬೇಕಾಗುವುದು ಒಂದು ಲೋಟ ನೀರು, ಪಕ್ಕದಲ್ಲಿ ಕುಳಿತುಕೊಳ್ಳುವ ತಾಯಿ, ಬೆನ್ನು ಸವರುವ ಒಂದು ಕೈ.